ವೇವ್ ಹಿಲ್‌ನ ದನಗಾಹಿಗಳು

ಆಸ್ಟ್ರೇಲಿಯದ ಕರಾವಳಿಯ ಪಟ್ಟಣಗಳಿಂದ ದೂರವಾಗಿ, ಜನವಸತಿ ತೀರ ವಿರಳವಾಗಿರುವ ವಿಶಾಲ ಒಳನಾಡಿಗೆ ‘ಔಟ್‌ಬ್ಯಾಕ್’ ಎಂದು ಹೆಸರು. ಅಲ್ಲಿನ ಮಾತಿನಲ್ಲಿ ‘ಸ್ಟೇಷನ್’ ಎಂದರೆ ರೈಲು ನಿಲ್ದಾಣವಲ್ಲ, ಸರ್ಕಾರದಿಂದ ಗುತ್ತಿಗೆಗೆ ಪಡೆದ ಸಾವಿರಾರು ಚದರ ಕಿಲೋಮೀಟರುಗಳ ಹುಲ್ಲುಗಾವಲು ಮತ್ತು ಅದರ ನಡುವಿನ ಒಂಟಿ ಮನೆ. ಉತ್ತರ ಪ್ರಾಂತ್ಯದ ವೇವ್ ಹಿಲ್ ಅಂಥದೊಂದು ದನದ ಸ್ಟೇಷನ್. ನ್ಯಾಟ್ ಬುಕಾನನ್ 1883ರಲ್ಲಿ ಅಲ್ಲಿಗೆ ದನಗಳನ್ನು ಹೊಡೆದುತಂದು ನೆಲೆಯೂರಿದನು. 1914ರಲ್ಲಿ ಅದು ಬ್ರಿಟನ್ನಿನ ಮಾಂಸೋದ್ಯಮಿಗಳಾದ ವೆಸ್ಟಿ ಮನೆತನದ ಕೈಸೇರಿತು.

ಬಂದವರ ಬದುಕು ಕಠಿಣವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಮಳೆಗಾಲದಲ್ಲಿ ದಾರಿಗಳು ಮುಚ್ಚಿ ಹೊರಲೋಕದ ಸಂಪರ್ಕ ತಪ್ಪುತ್ತಿತ್ತು. 1924ರ ನೆರೆಯಲ್ಲಿ ಮೊದಲ ಮನೆಯೇ ನಾಶವಾದುದರಿಂದ ನೆಲೆಯನ್ನು ಬೇರೆಡೆ ಕಟ್ಟಬೇಕಾಯಿತು. ಒಣಗಾಲ ಬಂದೊಡನೆ, ಬೇಲಿಯಿಲ್ಲದ ಬಯಲಿನಲ್ಲಿ ಅರೆಕಾಡು ಪ್ರಾಣಿಗಳಂತೆ ಚದುರಿದ್ದ ದನಗಳನ್ನು ಕುದುರೆಯೇರಿ ಒಟ್ಟುಗೂಡಿಸಿ, ಕರುಗಳಿಗೆ ಕಾದ ಕಬ್ಬಿಣದಿಂದ ಒಡೆತನದ ಮುದ್ರೆಯೊತ್ತುವ ‘ಮಸ್ಟರ್’ ಎಂಬ ಕೆಲಸ ಆರಂಭವಾಗುತ್ತಿತ್ತು. ವಾರಗಟ್ಟಲೆ ಬಯಲೇ ಮನೆ, ಬೂದಿಯಲ್ಲಿ ಸುಟ್ಟ ಹಿಟ್ಟಿನ ‘ಡ್ಯಾಂಪರ್’ ಎಂಬ ದಪ್ಪ ರೊಟ್ಟಿಯೇ ಊಟ.

ಆದರೆ ಈ ಕುದುರೆಗಳ ಮೇಲೆ ಕುಳಿತವರಲ್ಲಿ ಬಹುಪಾಲು ಜನ ಆ ನೆಲದ ಮೂಲ ಒಡೆಯರಾದ ಗುರಿಂಜಿ ಸಮುದಾಯದವರು ಎಂಬುದನ್ನು ಮೊದಲಿಗರ ಸಾಹಸಕಥೆಗಳು ಹಿನ್ನೆಲೆಗೆ ತಳ್ಳಿವೆ. ಯಾವ ಹಳ್ಳದಲ್ಲಿ ಯಾವಾಗ ನೀರು ನಿಲ್ಲುತ್ತದೆಂಬ ತಿಳಿವಳಿಕೆ ಅವರದು. ಅದಿಲ್ಲದೆ ದನಗಳೂ ಒಡೆಯರೂ ಉಳಿಯುತ್ತಿರಲಿಲ್ಲ. ಅವರು ವಾಸಿಸಿದ್ದು ಮೊಣಕಾಲೂರಿ ತೆವಳಿ ಒಳಹೋಗಬೇಕಾದ ಹಳೆಯ ತಗಡಿನ ಗುಡಿಸಲುಗಳಲ್ಲಿ. ದುಡಿಮೆಗೆ ದೊರೆಯುತ್ತಿದ್ದುದು ಹಿಟ್ಟು, ಸಕ್ಕರೆ, ಚಹಾ, ದನದ ತಲೆ-ಕಾಲುಗಳಂತಹ ಉಳಿಕೆ ಮಾಂಸ ಮತ್ತು ಬಿಳಿಯರ ಕೂಲಿಗೆ ಹೋಲಿಸಲೂ ಆಗದಷ್ಟು ಅಲ್ಪ ಹಣ. ಮಾನವಶಾಸ್ತ್ರಜ್ಞರಾದ ರೊನಾಲ್ಡ್ ಮತ್ತು ಕ್ಯಾಥರೀನ್ ಬರ್ನ್ಡ್ ದಂಪತಿ 1940ರ ದಶಕದಲ್ಲೇ, ವೆಸ್ಟಿ ಸಂಸ್ಥೆಗಾಗಿ ನಡೆಸಿದ ಸಮೀಕ್ಷೆಯಲ್ಲಿ, ಇಂಥ ಸ್ಥಿತಿಗತಿಗಳನ್ನು ದಾಖಲಿಸಿದ್ದರು.

1966ರಲ್ಲಿ ಮೂಲನಿವಾಸಿ ದನಗಾಹಿಗಳಿಗೂ ಬಿಳಿಯರಿಗೆ ಸಮಾನ ವೇತನ ನೀಡಬೇಕೆಂಬ ತೀರ್ಪು ಬಂದಿತಾದರೂ ಅದರ ಜಾರಿಯನ್ನು 1968ರ ಡಿಸೆಂಬರಿನವರೆಗೆ ಮುಂದೂಡಲಾಯಿತು. ಈ ಮುಂದೂಡಿಕೆ ಅನ್ಯಾಯವೇ ಸರಿ. 1966ರ ಆಗಸ್ಟ್ 23ರಂದು ಗುರಿಂಜಿ ಸಮುದಾಯದ ವಿನ್ಸೆಂಟ್ ಲಿಂಗಿಯಾರಿಯವರ ಮುಂದಾಳುತನದಲ್ಲಿ ಸುಮಾರು 200 ಮಂದಿ ಕೆಲಸ ಬಿಟ್ಟು ಹೊರನಡೆದು, ಮುಂದೆ ವಾಟಿ ಕ್ರೀಕ್ ಎಂಬ ಹೊಳೆಯ ಬಳಿ ಬೀಡುಬಿಟ್ಟರು. ಕೂಲಿಯ ಪ್ರಶ್ನೆಯ ಅಡಿಯಲ್ಲಿದ್ದ ನೆಲದ ಪ್ರಶ್ನೆ ಅಲ್ಲಿ ಬಯಲಿಗೆ ಬಂದಿತು. 1975ರ ಆಗಸ್ಟ್ 16ರಂದು ಪ್ರಧಾನಿ ಗೌ ವಿಟ್ಲಮ್ ಒಂದು ಹಿಡಿ ಮಣ್ಣನ್ನು ಲಿಂಗಿಯಾರಿಯವರ ಅಂಗೈಗೆ ಸುರಿದು ಭೂಮಿಯ ಒಂದು ಭಾಗವನ್ನು ಗುತ್ತಿಗೆಯಾಗಿ ಮರಳಿಸಿದರು. ಪೂರ್ಣ ಒಡೆತನದ ಹಕ್ಕುಪತ್ರ ದೊರೆತದ್ದು 1986ರಲ್ಲಿ. 1988ರ ಜನವರಿಯಲ್ಲಿ ಲಿಂಗಿಯಾರಿಯವರು ತೀರಿಕೊಂಡಾಗ ಆ ಪತ್ರಕ್ಕೆ ಎರಡು ವರ್ಷವೂ ತುಂಬಿರಲಿಲ್ಲ.