ಕನ್ನಡ ನಾಡಿಗೆ ಬಂದ ತರುಣ ಪಾದ್ರಿಗಳ ದಿನಚರಿ

 

ಮಠದ ಮಹೋತ್ಸವದಲ್ಲಿ ಪರಮತದ ಪ್ರಚಾರಕರ ಜೀವನವನ್ನು ಕುರಿತು ವಿಚಾರ ಮಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಊರಿಂದೂರಿಗೆ ಸಂಚರಿಸಿ ಧರ್ಮವನ್ನು ಬೋಧಿಸುವುದು ಜಂಗಮ ಪರಂಪರೆಯುಳ್ಳ ಈ ಸಮಾಜಕ್ಕೆ ಹೊಸ ಮಾತಲ್ಲ. ಅದೇ ಉದ್ದೇಶದಿಂದ ಸಮುದ್ರವನ್ನು ದಾಟಿ ಈ ನಾಡಿಗೆ ಬಂದ ತರುಣರು ತಮ್ಮ ದಿನಗಳನ್ನು ಹೇಗೆ ಕಳೆದರು, ಅವರ ನಡತೆಯಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಮಠದಲ್ಲಿ ಓದುವ ಮಕ್ಕಳಿಗೆ ಅತ್ಯವಶ್ಯವಾಗಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಭಕ್ತರಿಗೆ ಈ ಕಥೆ ದೂರದ್ದಲ್ಲ. ಇಂದಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನೆಲವು ಆ ಕಾಲದಲ್ಲಿ ಹೊಲ, ತೋಟ, ಸಣ್ಣ ಹಳ್ಳಿಗಳಿಂದ ಕೂಡಿದ್ದಿತು. ಇಲ್ಲಿಂದ ಸಮೀಪದ ಹಳೆಯ ಪೇಟೆಗೆ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಎಂಬವರು 1837ರಲ್ಲಿ, ತಾರುಣ್ಯದಲ್ಲಿಯೇ, ಬಂದು 1887ರಲ್ಲಿ ದೇಹವನ್ನು ಬಿಡುವ ತನಕ ಸುಮಾರು ಐವತ್ತು ವರ್ಷ ದುಡಿದರು. ಅವೆನ್ಯೂ ರಸ್ತೆಯಲ್ಲಿ ಅವರ ಹೆಸರಿನ ಇಗರ್ಜಿ ಇಂದಿಗೂ ಇದೆ. ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಪ್ರಕಟಿಸಿದ ಬಿ. ಎಲ್. ರೈಸ್ ಇವರ ಪುತ್ರರು. ರಾಜಾಜಿನಗರದ ಬದಿಯಲ್ಲಿ ಸಾಗುವ ತುಮಕೂರಿನ ದಾರಿಯನ್ನು ಹಿಡಿದು ಹೋದರೆ ಗುಬ್ಬಿ ಸಿಗುವುದಷ್ಟೆ. ಚನ್ನಬಸವೇಶ್ವರನ ಕ್ಷೇತ್ರವಾದ ಆ ಗುಬ್ಬಿಯಲ್ಲಿ ವೆಸ್ಲಿಯನ್ ಪಂಥದ ಥಾಮಸ್ ಹಾಡ್ಸನ್ 1837ರಲ್ಲಿ ಕೆಲಸವನ್ನು ಆರಂಭಿಸಿದರು. ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ಯುವಕನು 1839ರಲ್ಲಿ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಅವರನ್ನು ಕೂಡಿಕೊಂಡನು.

ಇವರಿಗಿಂತ ಮೊದಲೇ, 1810ರಲ್ಲಿ, ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲಸಿದ್ದರು. 1833ರ ಸನ್ನದಿನಿಂದ ಬ್ರಿಟಿಷರಲ್ಲದ ಪಾದ್ರಿಗಳಿಗೂ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರ್ ತಿಂಗಳಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. 1836ರ ಕೊನೆಗೆ ಹರ್ಮನ್ ಮೊಗ್ಲಿಂಗ್ ಬಂದರು. 1853ರಲ್ಲಿ ಇಪ್ಪತ್ತೊಂದು ವಯಸ್ಸಿನ ಫರ್ಡಿನೆಂಡ್ ಕಿಟ್ಟೆಲ್ ಬಂದರು.

ಬಾಸೆಲ್ ಸಂಸ್ಥೆಯವರು ಈ ತರುಣರನ್ನು ವರ್ಷಗಟ್ಟಲೆ ತಮ್ಮ ಮನೆಯಲ್ಲಿಟ್ಟುಕೊಂಡು ಕಠಿಣವಾದ ನಿಯಮದಲ್ಲಿ ಪಳಗಿಸುತ್ತಿದ್ದರು. ಅವರಲ್ಲಿ ಬಹುಮಂದಿ ರೈತರ, ಕಸಬುದಾರರ ಮಕ್ಕಳು. ಏಳುವ ಹೊತ್ತು, ಪ್ರಾರ್ಥನೆ, ಪಾಠ, ಕೈಕೆಲಸ ಎಲ್ಲವೂ ಗೊತ್ತುಪಡಿಸಿದಂತೆಯೇ ನಡೆಯಬೇಕಾಗಿದ್ದಿತು. ಪರದೇಶಕ್ಕೆ ಬಂದ ಮೇಲೂ ಸಮಿತಿಯ ಅಪ್ಪಣೆಯಿಲ್ಲದೆ ವಿವಾಹವಾಗುವಂತಿರಲಿಲ್ಲ. ಮಾಡಿದ ಕೆಲಸದ ವರದಿಯನ್ನು ಕಾಲಕಾಲಕ್ಕೆ ಬರೆದು ಕಳುಹಿಸಬೇಕಾಗಿದ್ದಿತು. ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಹಲವರು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಬರಬೇಕಾಗಿದ್ದಿತು. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ತಾಯಿ ತಂದೆಗಳು ಇದ್ದಾರೆಯೋ ಇಲ್ಲವೋ ಎಂಬ ಸ್ಥಿತಿ!

ಇಲ್ಲಿಗೆ ಬಂದ ತರುಣನಿಗೆ ಮೊದಲನೆಯ ಕೆಲಸವೆಂದರೆ ಮತ್ತೆ ಅಕ್ಷರಾಭ್ಯಾಸ. ತನ್ನ ದೇಶದಲ್ಲಿ ವಿದ್ವಾಂಸನೆನಿಸಿಕೊಂಡವನು ಇಲ್ಲಿ ಮುನ್ಷಿಯ ಎದುರಿಗೆ ಕುಳಿತು ಅ ಆ ಇ ಈ ಎಂದು ಮಗುವಿನಂತೆ ತೊದಲಬೇಕಾಗಿದ್ದಿತು. ಪಾಠವಾದ ಮೇಲೆ ಶಾಲೆಯ ಮಕ್ಕಳನ್ನು ವಿಚಾರಿಸುವುದು, ಬೀದಿಗೂ ಸಂತೆಗೂ ಹೋಗಿ ಮಾತನಾಡುವುದು, ಜಾತ್ರೆಯ ಕಾಲದಲ್ಲಿ ಊರೂರಿಗೆ ತಿರುಗುವುದು ಮುಂತಾದುವು ದಿನದ ಕೆಲಸಗಳು. ಕಾಲ್ನಡೆ, ಕುದುರೆ, ಎತ್ತಿನ ಬಂಡಿಗಳೇ ವಾಹನಗಳು. ಹಳ್ಳಿಗರು ಕೆಲವು ಕಡೆ ಕುತೂಹಲದಿಂದ ಕೇಳಿದರು, ಕೆಲವು ಕಡೆ ನಕ್ಕರು, ಕೆಲವು ಕಡೆ ಎದುರು ಪ್ರಶ್ನೆಗಳನ್ನು ಹಾಕಿ ವಾದಿಸಿದರು. ಪಾದ್ರಿಯು ಉತ್ತರ ಹೇಳಬೇಕಾದರೆ ಹಳ್ಳಿಗರ ಕನ್ನಡವೇ ಬರಬೇಕು. ಪುಸ್ತಕದ ಕನ್ನಡ ಅಲ್ಲಿ ಸಾಲದು. ಹೀಗೆ ಸಂತೆಯೂ ಅವನಿಗೆ ಪಾಠಶಾಲೆಯಾಯಿತು.

ಈ ದುಡಿಮೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಗುಬ್ಬಿಯ ಆರ್ಥರನಿಗೆ ಕಣ್ಣು ಕೆಟ್ಟು, ದೇಹಸ್ಥಿತಿ ಕುಗ್ಗಿ, 1841ರಲ್ಲಿಯೇ ಸ್ವದೇಶಕ್ಕೆ ಮರಳಬೇಕಾಯಿತು. ಎರಡು ವರ್ಷಗಳ ಆ ಅನುಭವವನ್ನೇ ಅವನು 1847ರಲ್ಲಿ ಮೈಸೂರು ಸೀಮೆಯನ್ನು ಕುರಿತ ಗ್ರಂಥವಾಗಿ ಪ್ರಕಟಿಸಿದನು. ಮೊಗ್ಲಿಂಗರ ಬಂಧುವೂ ಕನ್ನಡದ ಒಳ್ಳೆಯ ಅಭ್ಯಾಸಿಯೂ ಆಗಿದ್ದ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡರು.

ಆದರೆ ಅವರ ಕಷ್ಟಕ್ಕೆ ಮರುಗುವಾಗ ಅವರ ಉದ್ದೇಶವನ್ನು ಮರೆಯಲಾಗದು. ಇಲ್ಲಿನ ಜನರನ್ನು ತಮ್ಮ ಮತಕ್ಕೆ ತರುವುದೇ ಅವರ ಗುರಿ. ಇಲ್ಲಿನ ಪೂಜೆ ಪುನಸ್ಕಾರಗಳನ್ನು ಅವರು ಕಟುವಾಗಿ ಖಂಡಿಸಿದುದುಂಟು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ತರುಣನು ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಮಗನನ್ನು ಕಳೆದುಕೊಂಡೆವೆಂದು ಅತ್ತ ಮನೆಗಳ ದುಃಖವೂ ಇತಿಹಾಸದ ಭಾಗವೇ ಸರಿ.

ಹೀಗಿದ್ದರೂ ಒಂದು ವಿಶೇಷ ಸಂಭವಿಸಿತು. ಖಂಡಿಸಲು ಬಂದವರು ಮೊದಲು ತಿಳಿಯಬೇಕಾಯಿತು, ತಿಳಿಯಲು ಓದಬೇಕಾಯಿತು, ಓದುತ್ತ ಓದುತ್ತ ಕನ್ನಡದ ಮೇಲೆ ಪ್ರೀತಿ ಹುಟ್ಟಿತು. ಮೊಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲನೆಯ ವೃತ್ತಪತ್ರಿಕೆ. 1848ರಿಂದ 1853ರ ವರೆಗೆ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿದ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳೊಡನೆ ಬಸವಪುರಾಣವೂ ಚನ್ನಬಸವಪುರಾಣವೂ ಸೇರಿವೆ. ವುರ್ಥ್ ಎಂಬ ಪಾದ್ರಿಯು 1860ರ ದಶಕದಲ್ಲಿ ಈ ಎರಡು ಪುರಾಣಗಳನ್ನು ಇಂಗ್ಲಿಷಿಗೆ ತಂದನು. ಕಿಟ್ಟೆಲರು ಸುಮಾರು 70,000 ಶಬ್ದಗಳ ಕೋಶವನ್ನು 1894ರಲ್ಲಿ ಹೊರತಂದರು. ತಮ್ಮ ಧರ್ಮವನ್ನು ಸಾರಲು ಬಂದ ತರುಣನ ಆಯುಷ್ಯದ ಬಹುಭಾಗ ಕನ್ನಡದ ಶಬ್ದಗಳನ್ನು ಆಯುವುದರಲ್ಲಿ ಕಳೆಯಿತು.

ಭಾಷೆಯನ್ನು ಕಲಿಯದಿದ್ದರೆ ಏನಾಗುವುದೆಂಬುದಕ್ಕೆ ಬೇರೊಂದು ನಿದರ್ಶನವಿದೆ. 1853ರ ಏಪ್ರಿಲಿನಲ್ಲಿ ಅಮೆರಿಕದ ಯೂಟಾ ಪ್ರಾಂತದಿಂದ ಹೊರಟ 13 ಮಂದಿ ಮಾರ್ಮನ್ ಪಂಥದ ಪ್ರಚಾರಕರು ಕಲ್ಕತ್ತೆಯಲ್ಲಿ ಇಳಿದರು. ಹಣದ ಚೀಲವಿಲ್ಲದೆ, ಅನ್ನವಿಟ್ಟವರ ಮನೆಯಲ್ಲಿ ಉಂಡು ಧರ್ಮವನ್ನು ಬೋಧಿಸಬೇಕೆಂಬುದು ಅವರ ವ್ರತ. ಜಂಗಮ ಭಿಕ್ಷೆಯನ್ನೂ ದಾಸೋಹವನ್ನೂ ಬಲ್ಲ ಜನರಿಗೆ ಈ ವ್ರತದ ಹಿರಿಮೆ ಸುಲಭವಾಗಿ ತಿಳಿಯುವುದು. ಆದರೆ ಅವರು ಹೆಚ್ಚಾಗಿ ಬಳಸಿದುದು ಇಂಗ್ಲಿಷನ್ನು. ಸೇರಿದುದು ಇಲ್ಲಿದ್ದ ಐರೋಪ್ಯರನ್ನೂ ಸಿಪಾಯಿಗಳನ್ನೂ. ಆ ಜನರಲ್ಲಿ ಅಂಥ ಅತಿಥಿಗೆ ಬಾಗಿಲು ತೆರೆಯುವ ವಾಡಿಕೆಯಿರಲಿಲ್ಲ. ತ್ಯಾಗದಲ್ಲಿ ಕಡಮೆಯಿಲ್ಲದಿದ್ದರೂ ಮೂರು ವರ್ಷಗಳೊಳಗಾಗಿ ಬಹುಮಂದಿ ಹಿಂದಿರುಗಿದರು. ಈ ದೇಶದ ಭಾಷೆಗಳಲ್ಲಿ ಅವರ ನೆನಪು ಅಷ್ಟಾಗಿ ಉಳಿಯಲಿಲ್ಲ.

ಇನ್ನು ಸಮಾಜವು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಬಸವಪುರಾಣವನ್ನು ಅಚ್ಚಿಗೆ ತರಲು ಸಮುದ್ರದಾಚೆಯಿಂದ ಬಂದವರು ಶ್ರಮಿಸಿದ ಕಾಲದಲ್ಲಿ ಅದನ್ನು ನಿತ್ಯ ಪಾರಾಯಣ ಮಾಡುತ್ತಿದ್ದವರು ಏನು ಮಾಡುತ್ತಿದ್ದರು? ಪಾದ್ರಿಗಳಿಗೆ ಮುಖ್ಯವಾಗಿ ದೊರೆತುದು ಪುರಾಣಗಳು. ಶರಣರ ವಚನಗಳ ಬಹುಭಾಗವು ಮಠಗಳಲ್ಲಿಯೂ ಮನೆಗಳಲ್ಲಿಯೂ ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದಿತು. ಆದುದರಿಂದ ಅವರು ಮಾಡಿದ ನಿರ್ಣಯವೂ ಅಪೂರ್ಣವಾಯಿತು. ಆ ಕೊರತೆಯನ್ನು ತುಂಬಲು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಬೇಕಾಯಿತು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಬೇಕಾಯಿತು. ಪರರು ತಪ್ಪಾಗಿ ತಿಳಿದರೆಂದು ಕೋಪಿಸಿಕೊಳ್ಳುವುದಕ್ಕಿಂತ ಸರಿಯಾಗಿ ತಿಳಿಯಲು ಬೇಕಾದ ಸಾಮಗ್ರಿಯನ್ನು ಒದಗಿಸುವುದು ಮೇಲೆಂಬುದನ್ನು ಆ ಮಹನೀಯರು ಆಚರಿಸಿ ತೋರಿಸಿದರು.

ಶಿಷ್ಯರಾದವರು ಆ ತರುಣರ ಮತಖಂಡನೆಯನ್ನು ಅನುಸರಿಸಬೇಕಾಗಿಲ್ಲ. ಅವರ ನಿಯಮಪಾಲನೆ, ಭಾಷೆಯನ್ನು ಕಲಿಯುವ ವಿನಯ, ಒಪ್ಪಿಕೊಂಡ ಕೆಲಸವನ್ನು ಕೊನೆ ಮುಟ್ಟಿಸುವ ಛಲ ಇವುಗಳನ್ನು ಅವಶ್ಯವಾಗಿ ಸ್ವೀಕರಿಸಬಹುದು. ಇಂದು ಈ ಪಶ್ಚಿಮ ಬಡಾವಣೆಗಳಲ್ಲಿ ನಾನಾ ಭಾಷೆಗಳನ್ನಾಡುವ ಜನರು ಬಂದು ನೆಲಸಿದ್ದಾರೆ. ಶರಣರ ನುಡಿ ಅವರಿಗೂ ಮುಟ್ಟಬೇಕಾದರೆ ಮಠದ ಮಕ್ಕಳು ತಮ್ಮ ಗ್ರಂಥಗಳನ್ನು ಅರ್ಥಸಹಿತವಾಗಿ ಓದಿರಬೇಕು. ಎದುರಿನವರ ಭಾಷೆಯನ್ನೂ ಗೌರವದಿಂದ ಕಲಿಯಬೇಕು. ಮಹೋತ್ಸವದ ಈ ಶುಭಕಾಲದಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಅಟ್ಟದ ಮೇಲಿರಬಹುದಾದ ಹಳೆಯ ಓಲೆಗಳನ್ನೂ ಕೈಬರಹಗಳನ್ನೂ ಹುಡುಕಿ, ಹುಳು ತಿನ್ನದಂತೆ ಕಾಪಾಡಿ, ಓದಬಲ್ಲವರ ಕೈಗೆ ಒಪ್ಪಿಸಲಿ. ಶ್ರೀ ಗುರುವು ಅದಕ್ಕೆ ಬೇಕಾದ ಬುದ್ಧಿಯನ್ನೂ ಶಕ್ತಿಯನ್ನೂ ಎಲ್ಲರಿಗೂ ಕರುಣಿಸಲಿ.