ಅಮ್ಮನ ಪಾಲಿನ ಸುಣ್ಣ
(ಚಾಮರಾಜಪೇಟೆಯ ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ದಿನಾ ಬೆಳಿಗ್ಗೆ ತರುವ ಅರ್ಧ ಲೀಟರ್ ನಂದಿನಿ ಹಾಲು ನಿಮ್ಮ ಮನೆಯಲ್ಲಿ ಹೇಗೆ ಹಂಚಿಹೋಗುತ್ತೆ? ಮಕ್ಕಳಿಗೊಂದು ಲೋಟ, ಯಜಮಾನರಿಗೆ ಕಾಫಿ, ಉಳಿದಿದ್ದು ಮೊಸರಿಗೆ. ನಿಮಗೆ? ಪಾತ್ರೆ ತೊಳೆದ ನೀರಿನಂಥ ಟೀ.

ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ. ಮೈಯಲ್ಲಿರುವ ಸುಣ್ಣದಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ಹೃದಯ ಬಡಿಯುವುದಕ್ಕೆ, ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕು. ಅದು ಕಡಿಮೆಯಾಗಲು ದೇಹ ಬಿಡುವುದಿಲ್ಲ. ಊಟದಲ್ಲಿ ಸಿಗದಿದ್ದರೆ ಮೂಳೆಯಿಂದ ಸಾಲ ಎತ್ತುತ್ತದೆ. ನಮ್ಮ ಸಂಘದ ಸಾಲದ ಹಾಗೆ ಇದಕ್ಕೆ ಪಾಸ್‌ಬುಕ್ ಇಲ್ಲ, ನೋವೂ ಇಲ್ಲ. ಮುಟ್ಟು ನಿಂತ ಮೇಲೆ ಮೂಳೆ ಇನ್ನೂ ಬೇಗ ಸವೆಯುತ್ತೆ. ಒಂದು ದಿನ ಬಚ್ಚಲಲ್ಲಿ ಜಾರಿದಾಗ ಸೊಂಟದ ಮೂಳೆಯೇ ಮುರಿಯುತ್ತೆ.

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೂ ಮುಟ್ಟು ನಿಂತವರಿಗೂ 1200 ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಸಿಗುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350. ಅಷ್ಟೇ ಅಕ್ಕಿಯಲ್ಲಿ 10 ಮಾತ್ರ! ಊರಲ್ಲಿ ಮುದ್ದೆ ಉಂಡು ಬೆಳೆದ ನಾವು ಬೆಂಗಳೂರಿಗೆ ಬಂದು ನೆಂಟರೆದುರು ಮುದ್ದೆ ಬಡಿಸಲು ನಾಚುತ್ತೇವೆ. ಈಗ ದೊಡ್ಡ ದೊಡ್ಡ ಹೋಟೆಲಿನವರೇ ಅದನ್ನು ಮಾರುತ್ತಿದ್ದಾರೆ, ನಮಗೇಕೆ ನಾಚಿಕೆ? ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಚೆಲ್ಲಬೇಡಿ. ಸುಣ್ಣ ಹೆಚ್ಚಾಗಿ ಇರುವುದು ಆ ಸಿಪ್ಪೆಯಲ್ಲೇ. ಮೊಳಕೆ ಕಟ್ಟಿದ ರಾಗಿಯಾದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತೆ. ಎಳ್ಳು, ಹುರುಳಿ, ನುಗ್ಗೆಸೊಪ್ಪು ಕೂಡ ಒಳ್ಳೆಯವೇ. ಪಾಲಕ್ ಸೊಪ್ಪಿನ ಸುಣ್ಣ ಮಾತ್ರ ಮೈಗೆ ಹತ್ತುವುದು ಬಹಳ ಕಡಿಮೆ.

ಬಾಣಂತಿಗೆ ಎಲೆ ಅಡಿಕೆ ಸುಣ್ಣ ಕೊಡುವ ಹಿರಿಯರ ಲೆಕ್ಕ ಪೂರ್ತಿ ಸುಳ್ಳಲ್ಲ, ಸುಣ್ಣವೇನೋ ಕ್ಯಾಲ್ಸಿಯಮ್ಮೇ. ಆದರೆ ಜೊತೆಗಿರುವ ಅಡಿಕೆ ಬಾಯಿ ಕ್ಯಾನ್ಸರ್ ತರುತ್ತದೆ. ಅದು ಬೇಡ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವುದೂ ಬೇಡ. ತಿಂದ ಸುಣ್ಣವನ್ನು ಮೈಗೆ ಹತ್ತಿಸುವ ವಿಟಮಿನ್ ಡಿ ಬಿಸಿಲಿನಿಂದ ಬರಬೇಕು. ಮನೆಯೊಳಗೇ ಕೂತು ಊದುಬತ್ತಿ ಹೊಸೆಯುವವರು ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ಬೀಳುವಂತೆ ಹೊರಗೆ ಕೂರಿ.

ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯಾಲ್ಸಿಯಂ ಮಾತ್ರೆ ಉಚಿತ. ನಾಲ್ಕನೇ ತಿಂಗಳಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೇ ನುಂಗಬೇಡಿ, ಎರಡು ಗಂಟೆಯಾದರೂ ಬಿಡಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಮೊದಲು ಡಾಕ್ಟರಿಗೆ ಹೇಳಿ.