ಸ್ನೇಹಲತಾ ರೆಡ್ಡಿ: ಖಟ್ಲೆ ಇಲ್ಲದ ಎಂಟು ತಿಂಗಳು

(ಮೋಟೆಬೆನ್ನೂರಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣ ಒಬ್ಬ ನಟಿಯನ್ನು ಕುರಿತು ಎಂದು ತಿಳಿದು ನಿಮ್ಮಲ್ಲಿ ಕೆಲವರು ನಕ್ಕಿರಿ. ಕೂಲಿ, ತೂಕ, ದಲಾಲಿ ಇವುಗಳ ಮಾತು ಬಿಟ್ಟು ನಮ್ಮ ಮಾಸ್ತರಿಗೆ ಸಿನೇಮಾದ ಗೀಳು ಯಾವಾಗ ಹತ್ತಿತು ಎಂದು ಹಿರಿಯರೊಬ್ಬರು ಕೇಳಿಯೂ ಬಿಟ್ಟರು. ಕೇಳಿದ್ದು ತಪ್ಪಲ್ಲ. ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಸೆರೆಮನೆಯ ಮಾತು ಈ ಊರಿಗೆ ಹೊಸದಲ್ಲ. ಗಾಂಧೀಜಿಯವರ ದಂಡಿಯಾತ್ರೆಯಲ್ಲಿ 1930ರಲ್ಲಿ ನಡೆದ ಮೈಲಾರ ಮಹಾದೇವಪ್ಪನವರು ಇದೇ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಅವರ ಪತ್ನಿ ಸಿದ್ದಮ್ಮನವರೂ ಸೆರೆವಾಸ ಕಂಡವರು. ಆದರೆ ಅದು ಪರಕೀಯರ ಸರಕಾರ. ನಾನು ಇಂದು ಹೇಳುವ ಸ್ನೇಹಲತಾ ರೆಡ್ಡಿಯವರನ್ನು ತುರಂಗಕ್ಕೆ ಹಾಕಿದ್ದು ನಾವೇ ಮತ ಕೊಟ್ಟು ಕೂಡಿಸಿದ ಸರಕಾರ.

ಅವರು 1932ರಲ್ಲಿ ಆಂಧ್ರ ಮೂಲದ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಬಿಳಿಯರ ಆಳಿಕೆ ಎಳೆತನದಿಂದಲೇ ಅವರಿಗೆ ಸೇರದು. ಭಾರತೀಯ ಹೆಸರನ್ನೇ ಇಟ್ಟುಕೊಂಡರು, ಭಾರತೀಯ ಉಡುಗೆಯನ್ನೇ ಉಟ್ಟರು. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಗಂಡಹೆಂಡಿರಿಬ್ಬರೂ ಡಾ. ರಾಮಮನೋಹರ ಲೋಹಿಯಾರವರ ಅನುಯಾಯಿಗಳು. ಮದ್ರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ಎಂಬ ನಾಟಕ ತಂಡ ಕಟ್ಟಿದವರಲ್ಲಿ ಸ್ನೇಹಲತಾ ಒಬ್ಬರು. ಆ ತಂಡ ಆಡುತ್ತಿದ್ದುದು ಇಂಗ್ಲಿಷ್ ನಾಟಕಗಳನ್ನು, ನೋಡುತ್ತಿದ್ದವರು ಇಂಗ್ಲಿಷ್ ಬಲ್ಲ ಪೇಟೆಯ ಜನ. ಮುಚ್ಚಿಡುವುದೇಕೆ, ಅವರು ನಮ್ಮ ಹಾಗೆ ಹಮಾಲಿ ಮಾಡಿದವರಲ್ಲ, ಉಳ್ಳವರ ಮನೆಯವರು.

ನಾವು ಕನ್ನಡಿಗರು ಅವರನ್ನು ಗುರುತಿಸಿದ್ದು 'ಸಂಸ್ಕಾರ' ಚಿತ್ರದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿ ತೆಗೆದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ಚಂದ್ರಿ. ಕಥೆ ಹೀಗಿದೆ. ಅಗ್ರಹಾರದಲ್ಲಿ ಆಚಾರ ಬಿಟ್ಟ ಬ್ರಾಹ್ಮಣನೊಬ್ಬ ಸತ್ತಿದ್ದಾನೆ. ಹೆಣ ಸುಡುವವರಾರು ಎಂಬ ತರ್ಕ ನಡೆಯುತ್ತದೆ, ಹೆಣ ಕೊಳೆಯುತ್ತದೆ. ಸತ್ತವನೊಡನೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಟ್ಟು, ಇದರಿಂದ ಸಂಸ್ಕಾರ ನಡೆಸಿರೆಂದು ಕೇಳುತ್ತಾಳೆ. ಆಗ ಎಲ್ಲರ ಕಣ್ಣೂ ಬಂಗಾರದ ಮೇಲೆಯೇ! ಕೊನೆಗೆ ಕಾದಂಬರಿಯಲ್ಲಿ ಹೆಣ ಸುಡಲು ಅವಳಿಗೆ ನೆರವಾದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಸಂತೆಯಲ್ಲಿ ಬುಟ್ಟಿ ಇಟ್ಟು ಕೂಡುವ ನಮ್ಮ ವ್ಯಾಪಾರಸ್ಥ ಬಂಧುಗಳು ಇದನ್ನು ಗಮನಿಸಬೇಕು. ಶಾಸ್ತ್ರ ಬಲ್ಲವರು ಮಾಡಲಾರದ ಕೆಲಸವನ್ನು ಊರು ಲೆಕ್ಕಕ್ಕೆ ಹಿಡಿಯದ ಇಬ್ಬರು ಮಾಡಿದರು.

ಮದ್ರಾಸಿನ ಸೆನ್ಸಾರ್ ಮಂಡಳಿ ಈ ಚಿತ್ರವನ್ನು ತಡೆಯಿತು. ಮುಂದೆ ದಿಲ್ಲಿಯಿಂದ ಅಪ್ಪಣೆ ದೊರೆತು, ರಾಷ್ಟ್ರಪತಿಗಳ ಸ್ವರ್ಣಕಮಲವೂ ಬಂತು. ಕನ್ನಡ ಚಿತ್ರಕ್ಕೆ ಆ ಮನ್ನಣೆ ಬಂದದ್ದು ಅದೇ ಮೊದಲು.

ಇನ್ನು ತುರಂಗದ ಮಾತು. 1974ರ ಮೇ ತಿಂಗಳಿನಲ್ಲಿ ದೇಶದ ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದರು. ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸರು. ಮರುವರ್ಷ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಜಾರ್ಜ್ ತಲೆಮರೆಸಿಕೊಂಡು ಕೆಲಸ ಮಾಡತೊಡಗಿದರು. ರೆಡ್ಡಿ ದಂಪತಿಗಳು ಅವರ ಆಪ್ತರು. ಜಾರ್ಜ್ ಸಿಗದಿದ್ದಾಗ ಸರಕಾರ ಅವರ ಸುತ್ತಲಿನವರ ಮೇಲೆ ಬಿತ್ತು. ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಿದರು. ಮೊದಲು ಒಳಸಂಚಿನ ಆರೋಪ ಹೊರಿಸಿದರು, ಅದು ನಿಲ್ಲಲಿಲ್ಲ. ಆಮೇಲೆ ಮೀಸಾ ಕಾಯಿದೆ ಹಚ್ಚಿದರು.

ಮೀಸಾ ಎಂದರೆ ವಿಚಾರಣೆಯಿಲ್ಲದೆ ಕೂಡಿಹಾಕುವ ಕಾಯಿದೆ. ಕೋರ್ಟಿಗೆ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಆ ಬಾಗಿಲು ನಾಲ್ಕೇ ದಿನ ಮೊದಲು ಮುಚ್ಚಿತ್ತು. ಏಪ್ರಿಲ್ 28ರಂದು ಸುಪ್ರೀಮ್ ಕೋರ್ಟು, ತುರ್ತು ಪರಿಸ್ಥಿತಿ ಇರುವತನಕ ಬಂಧಿತನು 'ನನ್ನನ್ನೇಕೆ ಹಿಡಿದಿರಿ' ಎಂದು ಕೋರ್ಟಿನಲ್ಲಿ ಕೇಳುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಬೇರೆ ಮಾತು ಆಡಿದವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ, ಅದೂ ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ತಂದ ಖಟ್ಲೆಯಲ್ಲಿ.

ಈಗ ತಾರೀಖುಗಳನ್ನು ನೋಡಿರಿ. ಜಾರ್ಜರ ಸುಳಿವಿಗಾಗಿ ಹಿಡಿದಿದ್ದರೆ, ಜೂನ್ 10ರಂದು ಜಾರ್ಜರೇ ಕಲಕತ್ತೆಯಲ್ಲಿ ಸಿಕ್ಕರು. ಆಗಲಾದರೂ ಬಿಡಬೇಕಿತ್ತು, ಬಿಡಲಿಲ್ಲ. ಬರೋಡಾ ಡೈನಮೈಟ್ ಖಟ್ಲೆಯ ಆರೋಪಪಟ್ಟಿ ಬಂತು. ಅದರಲ್ಲಿ ಜಾರ್ಜ್ ಮತ್ತು ಇತರ 24 ಮಂದಿಯ ಹೆಸರಿತ್ತು, ಸ್ನೇಹಲತಾ ಅವರ ಹೆಸರಿರಲಿಲ್ಲ. ಆಗಲೂ ಬಿಡಲಿಲ್ಲ. ನಾನು ಸಾಲೆಯಲ್ಲಿ ಕಲಿಸಿದವನು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗನನ್ನು ಗೈರುಹಾಜರಿಗಾಗಿ ಬಡಿಯುವ ಮಾಸ್ತರನನ್ನು ಊರವರು ಏನೆನ್ನುತ್ತಾರೆ?

ಅವರಿದ್ದ ಕೋಣೆ ಒಬ್ಬ ಕೈದಿಗಾಗಿ ಕಟ್ಟಿದ ಸಣ್ಣ ಕೋಣೆ. ಒಂದು ತುದಿಗೆ ಕಬ್ಬಿಣದ ಸರಳು, ಇನ್ನೊಂದು ತುದಿಗೆ ಮಲಮೂತ್ರಕ್ಕೊಂದು ಕಿಂಡಿ, ಮಲಗುವುದು ನೆಲದ ಮೇಲೆ. ಅವರಿಗೆ ದಮ್ಮಿನ ಬೇನೆ. ದಮ್ಮು ಎಂದರೇನು ಎಂದು ನಾನು ಈ ಸಭೆಗೆ ಹೇಳಬೇಕಾಗಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರಿಗೆ ಗೊತ್ತಿದೆ. ಹತ್ತಿಯ ಧೂಳು ನುಂಗಿ ರಾತ್ರಿಯೆಲ್ಲ ಕುಳಿತೇ ಬೆಳಗು ಮಾಡುವ ಗಿರಣಿಯ ಅಣ್ಣಂದಿರಿಗೆ ಗೊತ್ತಿದೆ. ಉಸಿರು ಕಟ್ಟಿದಾಗ ಎದ್ದು ಬಾಗಿಲು ತೆರೆಯುತ್ತೇವೆ, ಅಂಗಳಕ್ಕೆ ಬರುತ್ತೇವೆ. ಅಲ್ಲಿ ಬಾಗಿಲಿನ ಬೀಗ ಇನ್ನೊಬ್ಬರ ಕೈಯಲ್ಲಿ. ಅದೇ ತುರಂಗದಲ್ಲಿ ಸೆರೆಯಲ್ಲಿದ್ದ ಸಮಾಜವಾದಿ ಮುಖಂಡ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮಗೆ ಕೇಳಿಬರುತ್ತಿತ್ತೆಂದು ಬರೆದಿದ್ದಾರೆ.

ಇಂಥ ಸ್ಥಿತಿಯಲ್ಲಿ ಆಕೆ ಏನು ಮಾಡಿದರು? ನಾನು ಈ ಭಾಷಣಕ್ಕೆ ನಿಂತದ್ದೇ ಇದನ್ನು ಹೇಳಲು. ತುರಂಗದಲ್ಲಿ ಬೇರೆ ಹೆಂಗಸರಿದ್ದರು, ಬಡವರು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರನ್ನು ಹೊಡೆಯುತ್ತಿದ್ದರು, ಕೊಡುತ್ತಿದ್ದ ಅನ್ನ ತಿನ್ನುವ ಹಾಗಿರಲಿಲ್ಲ. ಸ್ನೇಹಲತಾ ಅದರ ವಿರುದ್ಧ ಉಪವಾಸ ಕುಳಿತರು. ಹೊಡೆತ ನಿಂತಿತು, ಊಟ ಸುಧಾರಿಸಿತು. ಆ ಹೆಂಗಸರಿಗೆ ಹಾಡು ಕಲಿಸಿದರು, ನಾಟಕ ಆಡಿಸಿದರು. ಇಂಗ್ಲಿಷ್ ನಾಟಕದ ಸಿರಿವಂತ ಹೆಣ್ಣುಮಗಳು ಎಂದು ನಕ್ಕವರಿಗೆ ನಾನು ಹೇಳುವುದಿಷ್ಟೆ: ಸಂಘ ಕಟ್ಟುವ ಕೆಲಸ ಇದಲ್ಲದೆ ಇನ್ನೇನು? ನಾವು ಹೊರಗಿದ್ದು, ಮೈಯಲ್ಲಿ ಕಸುವಿದ್ದು, ವಖಾರಿಯ ಹೆಣ್ಣಾಳುಗಳಿಗೆ ಕುಡಿಯುವ ನೀರಿನ ಸಲುವಾಗಿ ಎಷ್ಟು ಸಲ ಉಪವಾಸ ಕುಳಿತಿದ್ದೇವೆ?

ಆಗ ರಾಜ್ಯದಲ್ಲಿ ದೇವರಾಜ ಅರಸರ ಸರಕಾರ. 1974ರ ಭೂಸುಧಾರಣೆಯ ಕಾಯಿದೆ ತಂದು ಗೇಣಿದಾರರಿಗೆ ಹೊಲ ಕೊಟ್ಟ ಸರಕಾರವೂ ಅದೇ. ಆ ಉಪಕಾರವನ್ನು ಅಲ್ಲಗಳೆಯಬಾರದು, ಈ ತುರಂಗವನ್ನೂ ಮರೆಯಬಾರದು.

ಬೇನೆ ವಿಪರೀತವಾಯಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. 18ರಂದು ಇಂದಿರಾ ಗಾಂಧಿಯವರು ಚುನಾವಣೆ ಸಾರಿದರು. 20ರಂದು ಸ್ನೇಹಲತಾ ತೀರಿಕೊಂಡರು. ವಯಸ್ಸು 44. ಎರಡು ತಿಂಗಳಲ್ಲಿ ತುರ್ತು ಪರಿಸ್ಥಿತಿಯೇ ಹೋಯಿತು. ಜಾರ್ಜರೂ ದಂಡವತೆಯವರೂ ದಿಲ್ಲಿಯಲ್ಲಿ ಮಂತ್ರಿಗಳಾದರು, 1978ರಲ್ಲಿ ಮೀಸಾ ರದ್ದಾಯಿತು. ಆದರೆ ಮೀಸಾ ಹೋದರೂ ವಿಚಾರಣೆಯಿಲ್ಲದೆ ಕೂಡಿಹಾಕುವ ಕಾಯಿದೆಗಳು ಹೋಗಲಿಲ್ಲ. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯಿದೆ ಬಂತು, ಅದು ಇಂದಿಗೂ ಇದೆ.

ಇಂಗ್ಲೆಂಡಿನಲ್ಲಿ ಗ್ಲೆಂಡಾ ಜಾಕ್ಸನ್ ಎಂಬ ನಟಿ ಇದ್ದರು. ತಂದೆ ಗೌಂಡಿ ಕೆಲಸದವನು. ಎರಡು ಸಲ ಆಸ್ಕರ್ ಬಹುಮಾನ ಪಡೆದು, ಬಣ್ಣ ಬಿಟ್ಟು, 1992ರಲ್ಲಿ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರು. 2015ರತನಕ ಅಲ್ಲಿ ಕುಳಿತು ತಮ್ಮ ಪಕ್ಷದ ಪ್ರಧಾನಿಯನ್ನೇ ಯುದ್ಧದ ವಿಷಯದಲ್ಲಿ ಎದುರಿಸಿದರು. ಮತ್ತೆ ರಂಗಕ್ಕೆ ಹೋಗಿ ಎಂಬತ್ತರ ವಯಸ್ಸಿನಲ್ಲಿ ಲಿಯರ್ ರಾಜನ ಪಾತ್ರ ಮಾಡಿದರು. 2023ರಲ್ಲಿ ತೀರಿಕೊಂಡರು. ಸ್ನೇಹಲತಾ ಅವರಿಗಿಂತ ನಾಲ್ಕೇ ವರ್ಷ ಕಿರಿಯರು. ನಮ್ಮ ಚಂದ್ರಿಗೂ ಅಷ್ಟು ಆಯುಷ್ಯ ಇದ್ದಿದ್ದರೆ ಎಂದು ನನಗೆ ಅನಿಸುತ್ತದೆ.

ತುರಂಗದಲ್ಲಿ ಅವರು ಬರೆದಿಟ್ಟ ದಿನಚರಿ 1977ರಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಯಿತು. ಓದಬಲ್ಲವರು ಓದಿ ಉಳಿದವರಿಗೆ ಹೇಳಬೇಕು. ಅವರಿದ್ದ ಬೆಂಗಳೂರಿನ ಸೆಂಟ್ರಲ್ ಜೇಲು ಈಗ ಜೇಲಲ್ಲ. ನಾವು ಬುತ್ತಿ ಕಟ್ಟಿಕೊಂಡು ಧರಣಿಗೆ ಹೋಗುತ್ತೇವಲ್ಲ, ಆ ಫ್ರೀಡಂ ಪಾರ್ಕೇ ಅದು. ಮುಂದಿನ ಸಲ ಹೋದಾಗ, ಘೋಷಣೆ ಮುಗಿದ ಮೇಲೆ, ಹಳೆಯ ಗೋಡೆಗಳನ್ನೂ ಸರಳುಗಳನ್ನೂ ಒಂದು ಸುತ್ತು ನೋಡಿ ಬರೋಣ.